ಕಡತಕ್ಕೆ ಬಾರದ ಮಾತು

ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಇರುವ ದಿನ ಬೆರಳಚ್ಚುಗಾರರಿಗೆ ಪುರಸೊತ್ತಿರುವುದಿಲ್ಲ. ಸಾಕ್ಷಿ ‘ಹೌದ್ರಿ’ ಅಂದರೂ ಟೈಪಾಗಬೇಕು, ‘ನೆನಪಿಲ್ರಿ’ ಅಂದರೂ ಟೈಪಾಗಬೇಕು. ಪಾಟೀಸವಾಲಿನಲ್ಲಿ ವಕೀಲರು ಸೂಚಿಸಿದ್ದನ್ನು ‘ಸರಿಯಲ್ಲ’ ಎಂದು ಸಾಕ್ಷಿ ತಳ್ಳಿಹಾಕಿದರೆ ಆ ‘ಸರಿಯಲ್ಲ’ವೂ ಹಾಳೆಗಿಳಿದು ಅದರ ಕೆಳಗೆ ಸಹಿ ಬೀಳುತ್ತದೆ. ಇಷ್ಟೆಲ್ಲ ಜತನ ಮಾಡಿದ ಕೋರ್ಟು, ಅಂತಿಮ ವಾದದ ದಿನ ಬಂತೆಂದರೆ ಕೀಬೋರ್ಡಿನಿಂದ ಕೈ ತೆಗೆದುಬಿಡುತ್ತದೆ. ಸರ್ಕಾರಿ ಅಭಿಯೋಜಕರು, ಅಂದರೆ ಪಿ.ಪಿ., ಅರ್ಧ ಗಂಟೆ ಮಾತಾಡಲಿ, ಎರಡು ಗಂಟೆ ಮಾತಾಡಲಿ, ಆ ದಿನದ ಆರ್ಡರ್ ಶೀಟಿನಲ್ಲಿ ಉಳಿಯುವುದು ಹೆಚ್ಚುಕಡಿಮೆ ಒಂದೇ ಸಾಲು: ವಾದ ಆಲಿಸಲಾಯಿತು, ತೀರ್ಪಿಗೆ.

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಸಣ್ಣಪುಟ್ಟ ಹೊಡೆದಾಟ, ಕಳವಿನ ಕೇಸುಗಳು ಜೆ.ಎಂ.ಎಫ್.ಸಿ. ಕೋರ್ಟಿನಲ್ಲಿಯೇ ಮುಗಿಯುತ್ತವೆ. ಕೊಲೆ, ಅತ್ಯಾಚಾರ, ವರದಕ್ಷಿಣೆ ಸಾವಿನಂಥವು ಸೆಷನ್ಸ್‌ಗೆ ಹೋಗುತ್ತವೆ. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಇರುವುದು ಗದಗಿನಲ್ಲಿ. ಬೆಳಗಿನ ಬಸ್ಸು ಹಿಡಿದು ಬಂದ ಆರೋಪಿಯ ಮನೆಯವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಕನ್ನಡಕ್ಕೆ ಇಂಗ್ಲಿಷ್ ಬೆರೆಸಿದ ವಾದದಲ್ಲಿ ತಮ್ಮವನ ಹೆಸರು ಬಂದಾಗಷ್ಟೇ ತಲೆ ಎತ್ತುತ್ತಾರೆ. ಹೊರಗೆ ಬಂದು ತಮ್ಮ ವಕೀಲರನ್ನು ಕೇಳುವುದು ಒಂದೇ: “ಪಿ.ಪಿ. ಸಾಹೇಬ್ರು ಏನಂದ್ರೀ?” ವಕೀಲರ ಉತ್ತರವೂ ಬಹುಪಾಲು ಒಂದೇ: “ಏನರ ಅನ್ಲಿ ಬಿಡ್ರಿ. ಜಡ್ಜ್ ಸಾಹೇಬ್ರು ಅದನ್ನೆಲ್ಲ ತಲಿಗೆ ಹಚ್ಕೊಳ್ಳಂಗಿಲ್ಲ.”

ಈ ಸಮಾಧಾನದ ಮಾತಿಗೆ ಒಂದು ಇತಿಹಾಸವಿದೆ. 1959ರ ನಾನಾವತಿ ಕೊಲೆ ಕೇಸಿನಲ್ಲಿ ಮುಂಬೈಯ ಜ್ಯೂರಿ 8–1ರ ಬಹುಮತದಲ್ಲಿ ‘ತಪ್ಪಿತಸ್ಥನಲ್ಲ’ ಎಂದದ್ದು, ಹೈಕೋರ್ಟು ಅದನ್ನು ಬದಿಗಿಟ್ಟದ್ದು ಎಲ್ಲರಿಗೂ ಗೊತ್ತು. ಮಾತಿಗೆ, ಪತ್ರಿಕೆಗೆ ಮರುಳಾಗುವ ಜನಸಾಮಾನ್ಯರ ಕೈಗೆ ತೀರ್ಪು ಕೊಡಬಾರದು ಎಂಬ ಅಭಿಪ್ರಾಯ ಬಲಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಕಲಿತ, ಪಳಗಿದ ನ್ಯಾಯಾಧೀಶರೊಬ್ಬರೇ ಕೂತು ಕೇಳುವಾಗ ಅಭಿಯೋಜಕರ ಅತಿಮಾತಿನಿಂದ ಏನು ಕೆಡುತ್ತದೆ ಎಂಬ ನಂಬಿಕೆ ಅಂದಿನಿಂದ ಗಟ್ಟಿಯಾಗುತ್ತ ಬಂದಿದೆ. ಮನಶ್ಶಾಸ್ತ್ರದವರು ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿದ್ದಾರೆ. ಫಲಿತಾಂಶ ನೆಮ್ಮದಿ ಕೊಡುವಂಥದ್ದಲ್ಲ.

ಮೊದಲು, ಯಾವುದು ಅತಿಮಾತು? ಗಟ್ಟಿ ದನಿಯಲ್ಲಿ ವಾದಿಸುವುದು ತಪ್ಪಲ್ಲ. ಸಾಕ್ಷ್ಯವಿದ್ದರೆ ಕಠಿಣ ಶಿಕ್ಷೆ ಕೇಳುವುದು ಅಭಿಯೋಜಕರ ಕೆಲಸವೇ. ಸಾಕ್ಷ್ಯದಲ್ಲಿ ಇಲ್ಲದ್ದನ್ನು ಹೇಳುವುದು ತಪ್ಪು. ‘ಇವನ ಮೇಲೆ ಮೊದಲೂ ಕೇಸುಗಳಿದ್ದವು’ ಎಂದು ನಡತೆಯ ಕಡೆ ಬೊಟ್ಟು ಮಾಡುವುದು ತಪ್ಪು. ಹಿಂದಿನ ಕೆಟ್ಟ ನಡತೆ ಅಪ್ರಸ್ತುತ ಎಂದು ಸಾಕ್ಷ್ಯ ಅಧಿನಿಯಮದ 54ನೇ ಕಲಂ ನೂರೈವತ್ತು ವರ್ಷದಿಂದ ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ ಹೊಸ ಅಧಿನಿಯಮವೂ ಅದನ್ನೇ ಹೇಳುತ್ತದೆ. ‘ನಿರಪರಾಧಿಯಾಗಿದ್ದರೆ ಕಟಕಟೆ ಏರಿ ಪ್ರಮಾಣ ಮಾಡಿ ಹೇಳಬಹುದಿತ್ತಲ್ಲ, ಯಾಕೆ ಬಾಯಿ ಬಿಡಲಿಲ್ಲ?’ ಎನ್ನುವುದಂತೂ ನೇರವಾಗಿ ಕಾನೂನು ಮುರಿದ ಹಾಗೆ. ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 315ನೇ ಕಲಂ, ಅದರ ಜಾಗಕ್ಕೆ ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 353ನೇ ಕಲಂ ಬಿಡಿಸಿ ಹೇಳುತ್ತದೆ: ಆರೋಪಿ ಸಾಕ್ಷಿಯಾಗಿ ನಿಲ್ಲದಿರುವುದರ ಬಗ್ಗೆ ಪಕ್ಷಗಾರರಾಗಲಿ ಕೋರ್ಟಾಗಲಿ ಟೀಕೆ ಮಾಡುವಂತಿಲ್ಲ. ‘ಇಂಥವರನ್ನು ಬಿಟ್ಟರೆ ಸಮಾಜದ ಗತಿಯೇನು’ ಎಂದು ನ್ಯಾಯಾಧೀಶರ ಹೆಗಲ ಮೇಲೆ ಊರಿನ ಭಾರವನ್ನೆಲ್ಲ ಹೊರಿಸುವ ವಾದ ಇನ್ನೊಂದು ಬಗೆ. ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನ್ನಿಸುವುದು ತೀರ ಸಪ್ಪೆಯಾದ, ಗದ್ದಲವಿಲ್ಲದ ಬಗೆ. ಸಾಕ್ಷಿ ಕೋರ್ಟಿನಲ್ಲಿ ತಿರುಗಿಬಿದ್ದಿರುತ್ತಾನೆ. ಅಭಿಯೋಜಕರು ಅವನು ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಓದಿ ‘ನಡೆದದ್ದು ಇದು’ ಎನ್ನುತ್ತಾರೆ. ಆ ಹೇಳಿಕೆಯಿಂದ ಸಾಕ್ಷಿಯ ಮಾತಿನಲ್ಲಿನ ವಿರೋಧವನ್ನು ತೋರಿಸಬಹುದೇ ಹೊರತು, ಅದನ್ನೇ ಸಾಕ್ಷ್ಯವೆಂದು ಬಳಸುವ ಹಾಗಿಲ್ಲ.

ಇನ್ನು ಪ್ರಯೋಗಗಳಿಗೆ ಬರೋಣ. ಜರ್ಮನಿಯಲ್ಲೂ ಶಿಕ್ಷೆ ತೀರ್ಮಾನಿಸುವಲ್ಲಿ ವೃತ್ತಿಪರ ನ್ಯಾಯಾಧೀಶರದೇ ಮುಖ್ಯ ಪಾತ್ರ. ಬಿರ್ಟೆ ಎಂಗ್ಲಿಷ್ ಮತ್ತು ಥಾಮಸ್ ಮುಸ್ವೈಲರ್ ಎಂಬ ಇಬ್ಬರು ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯಾಯಾಧೀಶರ ಕೈಗೆ ಒಂದೇ ಅತ್ಯಾಚಾರ ಪ್ರಕರಣದ ಕಡತ ಕೊಟ್ಟರು. ವ್ಯತ್ಯಾಸ ಒಂದೇ: ಒಂದು ಗುಂಪಿಗೆ ಹೋದ ಕಡತದಲ್ಲಿ ಅಭಿಯೋಜಕರು 34 ತಿಂಗಳ ಸೆರೆ ಕೇಳಿದ್ದರು, ಇನ್ನೊಂದರಲ್ಲಿ 2 ತಿಂಗಳು. ಮೊದಲ ಗುಂಪು ಕೊಟ್ಟ ಶಿಕ್ಷೆಯ ಸರಾಸರಿ 28 ತಿಂಗಳು ದಾಟಿತು. ಎರಡನೆಯದು 19 ತಿಂಗಳೂ ಮುಟ್ಟಲಿಲ್ಲ. ಪ್ರಕರಣ ಅದೇ, ಕಾನೂನು ಅದೇ, ಸಾಕ್ಷ್ಯವೂ ಅದೇ.

2006ರಲ್ಲಿ ಫ್ರಿಟ್ಜ್ ಸ್ಟ್ರಾಕ್ ಅವರೂ ಸೇರಿ ಮಾಡಿದ ಇನ್ನೊಂದು ಪ್ರಯೋಗ ನಗು ತರಿಸುವಂತಿದೆ, ಆದರೆ ನಗುವ ವಿಷಯವಲ್ಲ. ಕಾನೂನು ಬಲ್ಲವರ ಕೈಗೇ ಪಗಡೆಯ ದಾಳ ಕೊಟ್ಟರು. ಅಭಿಯೋಜಕರು ಎಷ್ಟು ತಿಂಗಳ ಶಿಕ್ಷೆ ಕೇಳಿದ್ದಾರೆ ಎಂಬುದನ್ನು ಆ ದಾಳವೇ ಹೇಳಬೇಕು. ದಾಳ ಮೊದಲೇ ತಿದ್ದಿದ್ದು: ಕೆಲವರಿಗೆ ಒಟ್ಟು 3, ಕೆಲವರಿಗೆ ಒಟ್ಟು 9 ಬೀಳುವಂತೆ. ಇದು ಜೂಜಿನ ಸಂಖ್ಯೆ ಎಂದು ತಮ್ಮ ಕಣ್ಣಾರೆ ಕಂಡವರೂ 3 ಬಿದ್ದಾಗ ಅಂಗಡಿ ಕಳ್ಳಿಗೆ ಸರಾಸರಿ ಐದು ತಿಂಗಳ ಆಸುಪಾಸು, 9 ಬಿದ್ದಾಗ ಎಂಟು ತಿಂಗಳ ಹತ್ತಿರ ಶಿಕ್ಷೆ ಕೊಟ್ಟರು. ಮನಸ್ಸು ಮೊದಲು ಕೇಳಿದ ಸಂಖ್ಯೆಗೆ ಗೂಟಕ್ಕೆ ಕಟ್ಟಿದ ದನದ ಹಾಗೆ ಸುತ್ತುತ್ತದೆ. ಹಗ್ಗದ ಉದ್ದದಷ್ಟೇ ಅದರ ಮೇವು.

ಅಮೆರಿಕದಲ್ಲಿ 2005ರಲ್ಲಿ ವಿಸ್ಟ್ರಿಚ್, ಗತ್ರಿ, ರಾಕ್ಲಿನ್‌ಸ್ಕಿ ಎಂಬ ಮೂವರು ಇನ್ನೂ ನೇರವಾದ ಪ್ರಶ್ನೆ ಕೇಳಿದರು: ಪರಿಗಣಿಸಬಾರದು ಎಂದು ತಾವೇ ತೀರ್ಮಾನಿಸಿದ ಮಾಹಿತಿಯನ್ನು ನ್ಯಾಯಾಧೀಶರು ತಲೆಯಿಂದ ತೆಗೆದುಹಾಕಬಲ್ಲರೆ? ಆ ಮೂವರಲ್ಲಿ ವಿಸ್ಟ್ರಿಚ್ ಆಗ ತಾವೇ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಾಗಿದ್ದರು. ಕೆಲವು ಸಂದರ್ಭಗಳಲ್ಲಿ ಆಗುತ್ತದೆ ಎಂದು ಈ ಸಂಶೋಧಕರು ಕಂಡರು. ವಕೀಲರ ನೆರವು ತಪ್ಪಿಸಿ ಪಡೆದ ತಪ್ಪೊಪ್ಪಿಗೆಯನ್ನು ನ್ಯಾಯಾಧೀಶರು ಬದಿಗಿಡಬಲ್ಲವರಾಗಿದ್ದರು. ಆದರೆ ಹಿಂದಿನ ಅಪರಾಧದ ಸುದ್ದಿ, ಸಂತ್ರಸ್ತೆಯ ಖಾಸಗಿ ಬದುಕಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತೀರ್ಮಾನ ವಾಲಿತು. ಅಭಿಯೋಜಕರು ನಡತೆಯ ಮಾತೆತ್ತಿದಾಗ ನಮ್ಮ ವಕೀಲರು ಹೇಳುವ ‘ತಲಿಗೆ ಹಚ್ಕೊಳ್ಳಂಗಿಲ್ಲ’ ಎಂಬ ಭರವಸೆ ಬಿರುಕು ಬಿಡುವುದು ಇಲ್ಲೇ. ಇವು ನಮ್ಮ ನೆಲದ ಪ್ರಯೋಗಗಳಲ್ಲ, ಒಪ್ಪುತ್ತೇನೆ. ಆದರೆ ಗದಗಿನ ಕೋರ್ಟಿನಲ್ಲಿ ಕೂತವರ ಮಿದುಳು ಬೇರೆ ಮಣ್ಣಿನದು ಎನ್ನಲು ಕಾರಣವೂ ಇಲ್ಲ.

ಮನಶ್ಶಾಸ್ತ್ರ ಬೇಡವೆನ್ನುವವರು ಸುಪ್ರೀಂ ಕೋರ್ಟಿನ ಮಾತನ್ನೇ ಕೇಳಬಹುದು. ಅದೂ ಕರ್ನಾಟಕದ್ದೇ ಕೇಸಿನಲ್ಲಿ. ದಂಡುಪಾಳ್ಯದ ತಂಡ ಎಂಬ ಹೆಸರು ಕೇಳಿದರೆ ಮನೆ ಬಾಗಿಲಿಗೆ ಎರಡು ಚಿಲಕ ಹಾಕುತ್ತಿದ್ದ ಕಾಲ ನೆನಪಿದೆಯಲ್ಲ. ಆ ತಂಡದವರೆಂದು ಆರೋಪ ಹೊತ್ತವರ ಒಂದು ಮೇಲ್ಮನವಿಯನ್ನು, ವೆಂಕಟೇಶ್ ಅಲಿಯಾಸ್ ಚಂದ್ರ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟು 2022ರ ಏಪ್ರಿಲ್ 19ರಂದು ತೀರ್ಮಾನಿಸಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಅದರಿಂದ ವಸ್ತುವೊಂದು ಸಿಕ್ಕಿದ್ದರೆ ಅಷ್ಟು ಭಾಗ ಮಾತ್ರ ಒಳಗೆ ಬರಬಹುದು. ಆದರೆ ಅಭಿಯೋಜನೆಯ ಕಡೆಯವರು ‘ಸ್ವಇಚ್ಛಾ ಹೇಳಿಕೆ’ಯನ್ನು ಆದಿಯಿಂದ ಅಂತ್ಯದವರೆಗೆ ದಾಖಲೆಗೆ ಸೇರಿಸುವ ಚಾಳಿ ಮತ್ತೆ ಮತ್ತೆ ಕಾಣುತ್ತಿದೆ, ಇಂಥವು ಕೋರ್ಟಿನ ಮನಸ್ಸಿನ ಮೇಲೆ ನೇರ ಪ್ರಭಾವ ಬೀರಿ ಪೂರ್ವಗ್ರಹ ಹುಟ್ಟಿಸಬಹುದು, ಈ ರೂಢಿ ಕೂಡಲೇ ನಿಲ್ಲಬೇಕು ಎಂದು ಪೀಠ ಬರೆಯಿತು. ಆರೋಪಿಗಳ ಹೇಳಿಕೆಯ ಡಿವಿಡಿ ಖಾಸಗಿ ಟಿ.ವಿ. ವಾಹಿನಿಯ ಕೈಸೇರಿ ಪ್ರಸಾರವಾದದ್ದನ್ನೂ ಅದು ಕಟುವಾಗಿ ಖಂಡಿಸಿತು. ಆರೋಪಿಗಳು ಖುಲಾಸೆಯಾದರು. ಈಗ ಹೇಳಿ: ಕಡತದಲ್ಲಿ ಸುಮ್ಮನೆ ಬಿದ್ದಿರುವ ಹೇಳಿಕೆಯೇ ನ್ಯಾಯಾಧೀಶರ ಮನಸ್ಸನ್ನು ವಾಲಿಸಬಲ್ಲದು ಎಂದ ಮೇಲೆ, ಅದನ್ನೇ ಎತ್ತಿ, ದನಿ ಏರಿಸಿ ಓದಿದ ವಾದದ ಗತಿಯೇನು?

ಅತಿಮಾತಿನಿಂದ ಆಗುವ ಕೇಡಿಗೆ ಎರಡು ಮುಖ. ಒಂದು, ತಪ್ಪು ಮಾಡದವನು ಒಳಗೆ ಹೋಗುವುದು. ಅಮೆರಿಕದಲ್ಲಿ ತಪ್ಪು ಶಿಕ್ಷೆಯಿಂದ ಬಿಡುಗಡೆಯಾದವರ ರಾಷ್ಟ್ರೀಯ ದಾಖಲೆಪಟ್ಟಿ 2020ರಲ್ಲಿ 2,400 ಪ್ರಕರಣಗಳನ್ನು ತೆರೆದು ನೋಡಿತು. ಶೇ 54ರಲ್ಲಿ ಸರ್ಕಾರಿ ಅಧಿಕಾರಿಗಳ ದುರ್ನಡತೆ ಇತ್ತು, ಶೇ 30ರಲ್ಲಿ ಅದು ಅಭಿಯೋಜಕರದು. ಬಹುಪಾಲು ಸಾಕ್ಷ್ಯ ಮುಚ್ಚಿಟ್ಟದ್ದು. ವಾದದಲ್ಲಿ ಆಡಬಾರದ್ದನ್ನು ಆಡಿದ್ದೂ ಇತ್ತು. ನಮ್ಮಲ್ಲಿ 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಆರು ಜನರನ್ನು ಗಲ್ಲಿನಿಂದ ಬಿಡಿಸಿತು. ಹದಿನಾರು ವರ್ಷ ಅವರು ಒಳಗಿದ್ದರು. ಗಾಯಗೊಂಡ ಪ್ರತ್ಯಕ್ಷ ಸಾಕ್ಷಿ ಪೊಲೀಸರ ಫೋಟೊ ಆಲ್ಬಮ್ಮಿನಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದ ಸಂಗತಿಯನ್ನು ಅಭಿಯೋಜನೆ ಬದಿಗೊತ್ತಿತ್ತು.

ಕೊಡಗಿನ ಕಥೆ ಇನ್ನೂ ಹತ್ತಿರದ್ದು. ಕುಶಾಲನಗರ ಸಮೀಪದ ಬುಡಕಟ್ಟಿನ ಬಡವನೊಬ್ಬನ ಹೆಂಡತಿ 2020ರಲ್ಲಿ ಕಾಣೆಯಾದಳು. ಮುಂದೆ ಬೆಟ್ಟದಪುರದ ಕಡೆ ಎಲುಬುಗಳು ಸಿಕ್ಕವು. ಕೊಂದವನು ಗಂಡನೇ ಎಂದು ಕೇಸಾಯಿತು. ಡಿ.ಎನ್.ಎ. ಹೊಂದಲಿಲ್ಲ. ಆದರೂ ಕೇಸು ನಡೆಯಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವನು ಜೈಲಿನಲ್ಲಿದ್ದ. 2025ರ ಏಪ್ರಿಲ್ 1ರಂದು ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಕಣ್ಣಿಗೆ ಬಿದ್ದಳು. ಅದೇ ತಿಂಗಳು ಮೈಸೂರಿನ ಸೆಷನ್ಸ್ ಕೋರ್ಟು ಅವನನ್ನು ಗೌರವಯುತವಾಗಿ ಖುಲಾಸೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ವಿಚಾರಣೆ ಮುಗಿಯುವ ಮೊದಲೇ ಆಕೆ ಸಿಕ್ಕದ್ದು ಆಕಸ್ಮಿಕ. ಸಿಗದೇ ಹೋಗಿದ್ದರೆ, ಅಂತಿಮ ವಾದದ ದಿನ ಆ ಗಂಡನ ಮೌನವನ್ನು ಯಾರು ಹೇಗೆ ಬಣ್ಣಿಸುತ್ತಿದ್ದರೋ, ನಾನು ಊಹಿಸಲಾರೆ.

ಎರಡನೆಯ ಮುಖದ ಬಗ್ಗೆ ಮಾತಾಡುವವರು ಕಡಿಮೆ: ಅತಿಮಾತು ಸಂತ್ರಸ್ತರ ಬುಡಕ್ಕೂ ಬರುತ್ತದೆ. ಸಾಕ್ಷ್ಯಕ್ಕಿಂತ ದೊಡ್ಡ ವಾದದ ಮೇಲೆ ನಿಂತ ಶಿಕ್ಷೆ ಮೇಲಿನ ಕೋರ್ಟಿನಲ್ಲಿ ಕುಸಿಯುತ್ತದೆ. 2000ದಿಂದ 2015ರವರೆಗೆ ವಿಚಾರಣಾ ಕೋರ್ಟುಗಳು ಕೊಟ್ಟ ಮರಣದಂಡನೆಗಳನ್ನು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ತಂಡ ಲೆಕ್ಕ ಹಾಕಿದಾಗ, ಕೊನೆಯವರೆಗೆ ನಿಂತದ್ದು ಶೇ 5ಕ್ಕೂ ಕಡಿಮೆ. ಸುಮಾರು ಶೇ 30ರಷ್ಟು ಜನ ಪೂರ್ಣ ಖುಲಾಸೆಯಾಗಿದ್ದರು.

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯ ಹೆಸರನ್ನು ಇಲ್ಲಿ ಎತ್ತಲೇಬೇಕು. 2019ರ ನವೆಂಬರಿನಲ್ಲಿ ಅಲ್ಲಿ ಜಾತಿ ಮೀರಿ ಮದುವೆಯಾದ ಗಂಡಹೆಂಡಿರನ್ನು ಕೊಂದ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಗದಗಿನ ಸೆಷನ್ಸ್ ಕೋರ್ಟು ನಾಲ್ವರಿಗೆ ಮರಣದಂಡನೆ ವಿಧಿಸಿತು. ಆ ಕೇಸಿನ ವಾದದಲ್ಲಿ ಲೋಪವಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನ ಬಳಿ ಏನೂ ಇಲ್ಲ. ನೆನಪಿಡಬೇಕಾದ್ದು ಇಷ್ಟು: ಇಂಥ ಪ್ರತಿ ಮರಣದಂಡನೆಯೂ ದೃಢೀಕರಣಕ್ಕೆ ಹೈಕೋರ್ಟಿಗೆ ಹೋಗಲೇಬೇಕು, ನಮ್ಮ ಜಿಲ್ಲೆಗೆ ಅದು ಧಾರವಾಡ ಪೀಠ. ಅಲ್ಲಿ ಕಡತದ ಒಂದೊಂದು ಹಾಳೆಯನ್ನೂ ಮತ್ತೆ ತೂಗುತ್ತಾರೆ. ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಗೆ ಬೇಕಿರುವುದು ಆ ತೂಕಕ್ಕೆ ನಿಲ್ಲುವ ತೀರ್ಪು. ಗದಗಿನಲ್ಲಿ ಚಪ್ಪಾಳೆ ಗಿಟ್ಟಿಸಿ ಧಾರವಾಡದಲ್ಲಿ ಉದುರುವ ವಾದ ಅವರಿಗೆ ಎರಡನೇ ಸಲದ ಸಾವು.

ಇದೆಲ್ಲ ಹಳೆಯ ರೋಗ, ಈಗೇಕೆ ಎಚ್ಚರಿಕೆ ಎಂದರೆ, ಹೊಸ ಕಾಲದ ಮೂರು ಸಂಗತಿಗಳು ಒಟ್ಟಿಗೆ ಕೂಡಿಬರುತ್ತಿವೆ. 2024ರ ಜುಲೈ 1ರಿಂದ ಜಾರಿಯಾದ ಸುರಕ್ಷಾ ಸಂಹಿತೆಯ 258ನೇ ಕಲಂ ಪ್ರಕಾರ ವಾದ ಮುಗಿದ 30 ದಿನದೊಳಗೆ ತೀರ್ಪು ಬರಬೇಕು. ಕಾರಣ ಬರೆದರೆ 45 ದಿನ. ವಿಳಂಬಕ್ಕೆ ಮದ್ದು ಬೇಕಿತ್ತು, ನಿಜ. ಆದರೆ ರಾಶಿ ಕಡತದ ನಡುವೆ ಅವಸರದಲ್ಲಿ ಬರೆಯುವ ಕೈ, ತಲೆಯಲ್ಲಿ ತಾಜಾ ಇರುವ ವಾದದ ಎಳೆಯನ್ನೇ ಹಿಡಿಯುವ ಸಂಭವ ಹೆಚ್ಚು. ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಒಂದು ವಿಚಾರಣೆ 13 ದಿನದಲ್ಲಿ ಮುಗಿದು ಗಲ್ಲು ಶಿಕ್ಷೆಯಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ ಹೊಸ ವಿಚಾರಣೆಗೆ ಕಳಿಸಿತು. ಹನ್ನೊಂದು ವರ್ಷ ಜೈಲಿನಲ್ಲಿ ಕಳೆದ ಆ ಮನುಷ್ಯ ಕೊನೆಗೆ 2024ರಲ್ಲಿ ಖುಲಾಸೆಯಾದ.

ಎರಡನೆಯದು ಅಂಕದ ಹುಚ್ಚು. ಅದೇ ಮಧ್ಯಪ್ರದೇಶ ಸರ್ಕಾರಿ ಅಭಿಯೋಜಕರಿಗೆ ಶಿಕ್ಷೆಯ ತೂಕ ನೋಡಿ ಅಂಕ ಕೊಡುವ ಯೋಜನೆ ಮಾಡಿತ್ತು. ಗಲ್ಲು ಕೊಡಿಸಿದವರಿಗೆ 1,000 ಅಂಕ. ವಿಷಯ 2022ರಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದ ಮೇಲೆ ರಾಜ್ಯ ಅದನ್ನು ಹಿಂತೆಗೆದುಕೊಂಡಿತು. ಹಾಗೆಂದು ಅದರ ಹಿಂದಿನ ಯೋಚನೆ ಎಲ್ಲೂ ಹೋಗಿಲ್ಲ. ‘ಶಿಕ್ಷೆಯ ಪ್ರಮಾಣ ಹೆಚ್ಚಿಸಿ’ ಎಂಬ ಮಾತು ಪ್ರತಿ ಸರ್ಕಾರದ ಬಾಯಲ್ಲಿದೆ. ಹೊಸ ಸಂಹಿತೆಯ 20ನೇ ಕಲಂ ಅಭಿಯೋಜನಾ ನಿರ್ದೇಶನಾಲಯವನ್ನು ಜಿಲ್ಲಾ ಮಟ್ಟದವರೆಗೆ ಬಲಪಡಿಸಿದೆ. ಆ ನಿರ್ದೇಶನಾಲಯ ಏನನ್ನು ಎಣಿಸುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಗೆಲುವನ್ನೇ ಎಣಿಸಿದರೆ, ಶಿವಕುಮಾರ್ ವಿರುದ್ಧ ಹುಕಂ ಚಂದ್ ಕೇಸಿನಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಯಾವುದನ್ನು ಬೇಡವೆಂದಿತ್ತೋ, ಅಂದರೆ ಸತ್ಯಾಂಶ ಏನೇ ಇರಲಿ ಹೇಗಾದರೂ ಶಿಕ್ಷೆ ಕೊಡಿಸುವ ದಾಹ, ಅದನ್ನೇ ಸಾಕಿದಂತೆ. ಮೆತ್ತಗಿನ ಪಿ.ಪಿ. ಬೇಕೆಂದು ನಾನು ಕೇಳುತ್ತಿಲ್ಲ. ಬೆಸ್ಟ್ ಬೇಕರಿ ಕೇಸಿನಲ್ಲಿ ಅಭಿಯೋಜಕರು ಆರೋಪಿಗಳ ಪರ ವಕೀಲರ ಹಾಗೆ ನಡೆದುಕೊಂಡರೆಂದೇ 2004ರಲ್ಲಿ ಸುಪ್ರೀಂ ಕೋರ್ಟು ಮರುವಿಚಾರಣೆಯನ್ನು ಗುಜರಾತಿನಿಂದ ಮಹಾರಾಷ್ಟ್ರಕ್ಕೆ ಕಳಿಸಬೇಕಾಯಿತು. ಎರಡೂ ಕಡೆ ಕೆಟ್ಟದ್ದು ಒಂದೇ ಕುರ್ಚಿ.

ಮೂರನೆಯದು ಹೊಚ್ಚ ಹೊಸದು: ಸುರಕ್ಷಾ ಸಂಹಿತೆಯ 356ನೇ ಕಲಂ. ಹತ್ತು ವರ್ಷ ಅಥವಾ ಮೇಲ್ಪಟ್ಟ ಸೆರೆ, ಜೀವಾವಧಿ, ಗಲ್ಲು ಆಗಬಹುದಾದ ಕೇಸಿನಲ್ಲಿ ತಲೆಮರೆಸಿಕೊಂಡವನನ್ನು ಘೋಷಿತ ಅಪರಾಧಿ ಎಂದು ಸಾರಿ, ದೋಷಾರೋಪ ಹೊರಿಸಿ 90 ದಿನ ಕಳೆದ ಮೇಲೆ, ಅವನಿಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. ದುಡಿಯಲು ಗೋವೆಗೋ ಮಂಗಳೂರಿಗೋ ಗುಳೆ ಹೋಗುವವರಿರುವ ರೋಣ, ಗಜೇಂದ್ರಗಡದಂಥ ತಾಲ್ಲೂಕುಗಳಲ್ಲಿ ‘ತಲೆಮರೆಸಿಕೊಂಡ’ ಎಂಬ ಮಾತಿಗೂ ‘ಕೆಲಸಕ್ಕೆ ಹೋದ’ ಎಂಬ ಮಾತಿಗೂ ಪೊಲೀಸ್ ದಫ್ತರಿನಲ್ಲಿ ಎಷ್ಟು ಅಂತರವಿರುತ್ತದೆ? ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತಾರೆ ನಿಜ. ಆದರೆ ಕಕ್ಷಿದಾರನ ಮುಖವನ್ನೇ ಕಾಣದ ವಕೀಲರು ಅಭಿಯೋಜಕರ ಯಾವ ಮಾತಿಗೆ ‘ಅದು ಸುಳ್ಳು’ ಎಂದು ಎದ್ದು ನಿಲ್ಲಬೇಕು? ನರಗುಂದದವರಿಗೆ ಅವಸರದ ನ್ಯಾಯದ ಕಥೆ ಗೊತ್ತಿದೆ. 1858ರ ಜೂನ್ ಮೊದಲ ವಾರದಲ್ಲಿ ಸೆರೆಸಿಕ್ಕ ನರಗುಂದದ ಅರಸ ಬಾಬಾಸಾಹೇಬನನ್ನು ಆ ತಿಂಗಳ 12ರಂದೇ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದರು. ಅದು ಕಂಪನಿ ಸರ್ಕಾರದ ಯುದ್ಧಕಾಲ, ಹೋಲಿಕೆಗೆ ಅಷ್ಟಾಗಿ ಕೂಡದು. ಎದುರು ಪಕ್ಷದ ಮಾತಿಗೆ ಜಾಗವಿಲ್ಲದ ವಿಚಾರಣೆ ಎಂದಾಗ ನೆನಪಾಯಿತು, ಅಷ್ಟೆ.

ಈ ಮೂರೂ ಸೇರಿದಾಗ ಕಡತಕ್ಕೆ ಬಾರದ ಮಾತಿನ ತೂಕ ಹೆಚ್ಚುತ್ತದೆ, ಅದನ್ನು ಹಿಡಿಯುವ ಉಪಾಯ ಮಾತ್ರ ಅಷ್ಟೇ ಉಳಿಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬ ಅಭಿಯೋಜಕ ಅಂತಿಮ ವಾದದಲ್ಲಿ ಆರೋಪಿಯನ್ನು ಪ್ರಾಣಿಗೆ ಹೋಲಿಸಿ, ಕೊರಳಿಗೆ ಹಗ್ಗ ಹಾಕದೆ ಕೋಣೆಯಿಂದ ಬಿಡಬಾರದು ಎಂಬರ್ಥದ ಮಾತಾಡಿದ್ದ. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಮಾತನ್ನು ಖಂಡಿಸಿತು, ಆದರೂ 5–4ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಎರಡು ವರ್ಷದ ಬಳಿಕ ಆ ಮನುಷ್ಯನನ್ನು ವಿದ್ಯುತ್ ಕುರ್ಚಿಗೆ ಕೂರಿಸಿದರು. ಒಂದೊಂದು ಶಬ್ದವೂ ದಾಖಲಾಗಿದ್ದ ದೇಶದ ಪಾಡು ಇದು. ನಮ್ಮಲ್ಲಿ ಜಗಳ ಕಾಯಲು ಶಬ್ದವೇ ಇರುವುದಿಲ್ಲ. ಕರ್ನಾಟಕ ಹೈಕೋರ್ಟು 2022ರ ಜನವರಿಯಿಂದ ಕಲಾಪದ ನೇರ ಪ್ರಸಾರಕ್ಕೆ ನಿಯಮ ತಂದದ್ದರಿಂದಲೇ, 2024ರಲ್ಲಿ ನ್ಯಾಯಮೂರ್ತಿಯೊಬ್ಬರ ಮಾತು ದೇಶದ ಕಿವಿಗೆ ಬಿದ್ದು, ಸುಪ್ರೀಂ ಕೋರ್ಟು ತಾನಾಗಿ ವಿಷಯ ಕೈಗೆತ್ತಿಕೊಂಡು, ಅವರು ವಿಷಾದ ವ್ಯಕ್ತಪಡಿಸುವಂತಾಯಿತು. ಆ ಕ್ಯಾಮೆರಾದ ಕಣ್ಣು ನಮ್ಮ ತಾಲ್ಲೂಕು ಕೋರ್ಟುಗಳತ್ತ ತಿರುಗಿಲ್ಲ.

ದಾರಿ ಕಾನೂನಿನಲ್ಲೇ ಇದೆ, ಬಳಸುವವರು ಬೇಕು. ಸಂಹಿತೆಯ 352ನೇ ಕಲಂ, ಹಳೆಯ 314, ಇಬ್ಬರಿಗೂ ಲಿಖಿತ ವಾದ ಸಲ್ಲಿಸುವ ಹಕ್ಕು ಕೊಡುತ್ತದೆ. ಸಲ್ಲಿಸಿದ್ದು ಕಡತದ ಭಾಗವಾಗುತ್ತದೆ. ವಾದ ಅಪ್ರಸ್ತುತ ಅನ್ನಿಸಿದರೆ ಅದನ್ನು ಹಿಡಿತಕ್ಕೆ ತರುವ ಅಧಿಕಾರವನ್ನು ಅದೇ ಕಲಂ ನ್ಯಾಯಾಧೀಶರಿಗೆ ಕೊಟ್ಟಿದೆ. ಬೆಂಗಳೂರಿನಲ್ಲಿ ನಡೆದ ಜಯಲಲಿತಾ ಮೇಲ್ಮನವಿಯಲ್ಲಿ ಅಧಿಕಾರವಿಲ್ಲದ ಅಭಿಯೋಜಕರು ವಾದಿಸಿದ್ದಾರೆಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಂಡಾಗ, ಅದು ಹಿಡಿದ ಪರಿಹಾರವೂ ಇದೇ: ಕರ್ನಾಟಕ ರಾಜ್ಯ ತನ್ನ ವಾದವನ್ನು ಬರೆದು ಕೊಡಲಿ. ಮಾಜಿ ಮುಖ್ಯಮಂತ್ರಿಯ ಕೇಸಿಗೆ ಒದಗಿದ ಆ ಹಾಳೆ ಗಜೇಂದ್ರಗಡದ ನೇಕಾರನ ಕೇಸಿಗೂ ಒದಗಬೇಕಲ್ಲ.

ಅಭಿಯೋಜಕರು ಬರೆದು ಕೊಡುವವರೆಗೆ ಕಾಯಬೇಕೆಂದೂ ಇಲ್ಲ. ಆರೋಪಿ ಪರ ವಕೀಲರು ವಾದ ನಡೆಯುವಾಗಲೇ ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಮೆಮೊ ಬರೆಯಬಹುದು: ಇಂದು ಇಷ್ಟು ಗಂಟೆಗೆ ಅಭಿಯೋಜಕರು ಇಂಥ ಮಾತು ಹೇಳಿದರು, ಇದಕ್ಕೆ ಸಾಕ್ಷ್ಯದಲ್ಲಿ ಆಧಾರವಿಲ್ಲ, 353ನೇ ಕಲಮಿಗೆ ವಿರುದ್ಧವಾಗಿದೆ, ದಾಖಲಿಸಿಕೊಳ್ಳಬೇಕೆಂದು ಪ್ರಾರ್ಥನೆ. ಬೆಂಚ್ ಕ್ಲರ್ಕ್ ಅದಕ್ಕೆ ತಾರೀಖಿನ ಮುದ್ರೆ ಒತ್ತುತ್ತಾರೆ. ನ್ಯಾಯಾಧೀಶರು ಒಪ್ಪಲಿ ಬಿಡಲಿ, ಅಂಚಿನಲ್ಲಿ ಒಂದು ಷರಾ ಬರೆಯುತ್ತಾರೆ. ದಾರ ಹಾಕಿ ಹೊಲಿದ ಕಡತದ ಜೊತೆಗೆ ಆ ಹಾಳೆಯೂ ಧಾರವಾಡಕ್ಕೆ ಹೋಗುತ್ತದೆ.